ತಿನ್ನಿಸಿದಷ್ಟೂ ಬೆಳ್ಳಗಾದ ಕಪ್ಪು: ಒಂದು ಅಕ್ವಾಟಿಂಟ್ ಪ್ಲೇಟಿನ ಪ್ರಕರಣ

ಬಿ.ವಿ.ಎ. (ದೃಶ್ಯಕಲೆಯ ಪದವಿ) ಆರನೇ ಸೆಮಿಸ್ಟರ್, ಪ್ರಿಂಟ್‌ಮೇಕಿಂಗ್ ವಿಭಾಗ, ಬಯಲುಸೀಮೆಯ ಏಪ್ರಿಲ್ ತಿಂಗಳು. ವಿದ್ಯಾರ್ಥಿನಿ ಸಲ್ಲಿಸಬೇಕಿದ್ದದ್ದು ಒಂದು ಎಚ್ಚಿಂಗ್ (ಲೋಹದ ಪ್ಲೇಟನ್ನು ಆಸಿಡ್‌ನಲ್ಲಿ ತಿನ್ನಿಸಿ, ಶಾಯಿ ಹಚ್ಚಿ ಮುದ್ರಿಸುವುದು) ಮತ್ತು ಅಕ್ವಾಟಿಂಟ್ (ಅದರಲ್ಲೇ ಛಾಯೆ ತರುವ ವಿಧಾನ) ಕೃತಿ, ಐದು ಪ್ರತಿಗಳ ಎಡಿಷನ್, ಜೊತೆಗೆ ಪರೀಕ್ಷೆಗೆಂದು ತೆಗೆದ ಹಂತಹಂತದ ಪ್ರೂಫ್‌ಗಳು. ಆರಿಸಿಕೊಂಡ ವಸ್ತು ಲಕ್ಕುಂಡಿಯ ಮುಸುಕಿನ ಬಾವಿ. ಮಾಣಿಕೇಶ್ವರ ಗುಡಿಯ ಮಗ್ಗುಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಪುಷ್ಕರಣಿ ಅಕ್ವಾಟಿಂಟಿಗೆ ಹೇಳಿ ಮಾಡಿಸಿದ ಹಾಗಿದೆ: ಮೇಲೆ ಬಿಸಿಲಿಗೆ ಬೆಳ್ಳಗೆ ಹೊಳೆಯುವ ಕಲ್ಲು, ಇಳಿದಂತೆ ಒಂದೊಂದೇ ಪಾವಟಿಗೆ ಮಂಕಾಗುತ್ತ ಬಂದು, ತಳದಲ್ಲಿ ಕಪ್ಪು ನೀರು. ಬಿಳಿಯೂ ಸೇರಿ ಏಳು ಛಾಯೆ ಬೇಕೆಂದು ಲೆಕ್ಕ ಹಾಕಿದ್ದಳು.

ಸಲ್ಲಿಕೆಗೆ ಒಂಬತ್ತು ದಿನ ಇರುವಾಗ ಮೊದಲ ಪ್ರೂಫ್ ತೆಗೆದಳು. ನೀರು ಕಪ್ಪಾಗಿರಲಿಲ್ಲ, ಬೂದಿಯಾಗಿತ್ತು. ಸಾಲದೆಂದು ಪ್ಲೇಟನ್ನು ಮತ್ತೆ ಆಸಿಡ್‌ಗೆ ಇಳಿಸಿದಳು. ಎರಡನೇ ಪ್ರೂಫ್‌ನಲ್ಲಿ ನೀರು ಇನ್ನೂ ತಿಳಿಯಾಗಿತ್ತು, ಸುತ್ತ ಮಾತ್ರ ಕಾಡಿಗೆ ತೀಡಿದ ಹಾಗೆ ಒಂದು ಕಪ್ಪು ಗೆರೆ. ಈ ಎಡವಟ್ಟು ಎಚ್ಚಿಂಗ್ ಕಲಿಸುವ ಬಹುತೇಕ ಎಲ್ಲ ಸ್ಟುಡಿಯೊಗಳಿಗೂ ಪರಿಚಿತ. ಇಲ್ಲಿ ಕೊಟ್ಟಿರುವ ವಿವರಗಳು ಅಂಥ ಹಲವು ಪ್ಲೇಟುಗಳಲ್ಲಿ ಕಂಡವು. ಓದುವವರಿಗೆ ಜಾಡು ತಪ್ಪದಿರಲೆಂದು ಒಂದೇ ಪ್ಲೇಟಿಗೆ ಜೋಡಿಸಿದೆ.

ಪ್ಲೇಟು ಮೊದಲು ಹೇಗಿತ್ತು

16 ಗೇಜಿನ ಸತುವಿನ ಹಾಳೆ, 25 × 33 ಸೆಂ.ಮೀ. ಅಂಚುಗಳನ್ನು ಅರದಿಂದ 45 ಡಿಗ್ರಿಗೆ ಇಳಿಜಾರು ಮಾಡಲಾಗಿತ್ತು. ಹಾಗೆ ಮಾಡದಿದ್ದರೆ ಪ್ರೆಸ್ಸಿನ ಒತ್ತಡಕ್ಕೆ ಕಾಗದ ಹರಿಯುತ್ತದೆ, ಕಾಗದದ ಮೇಲೆ ಹಾಸುವ ಉಣ್ಣೆಯ ಫೆಲ್ಟ್ ಕೂಡ ಸೀಳುತ್ತದೆ. ಜೇನುಮೇಣ, ಬಿಟುಮೆನ್, ರಾಳ ಸೇರಿಸಿದ ಹಾರ್ಡ್ ಗ್ರೌಂಡ್ ಎಂಬ ಆಸಿಡ್ ತಡೆಯುವ ಲೇಪ ಬಳಿದು, ಸೂಜಿಯಿಂದ ಮೆಟ್ಟಿಲು ಮತ್ತು ಪುಟ್ಟ ಗೂಡುಗಳ ರೇಖೆಗಳನ್ನು ಗೀರಿ, ಆಸಿಡ್‌ನಲ್ಲಿ ತಿನ್ನಿಸಿದ ರೇಖೆಗಳ ಹಂತದಲ್ಲಿ ದೊಡ್ಡ ತಪ್ಪೇನೂ ಆಗಿರಲಿಲ್ಲ. ಆಕಾಶದ ಭಾಗದಲ್ಲಿ ಮೂರು ನಾಲ್ಕು ಬೇಡದ ಚುಕ್ಕೆ ಬಿದ್ದಿದ್ದವು. ಗ್ರೌಂಡ್ ಹಚ್ಚುವ ಮೊದಲು ಬೆರಳು ತಾಗಿದ ಕಡೆ ಜಿಡ್ಡು ಉಳಿದರೆ ಗ್ರೌಂಡ್ ಲೋಹವನ್ನು ಕಚ್ಚಿ ಹಿಡಿಯುವುದಿಲ್ಲ, ಆಸಿಡ್ ಅಲ್ಲಿಂದಲೇ ಒಳನುಗ್ಗುತ್ತದೆ. ಆ ಚುಕ್ಕೆಗಳನ್ನು ಒಂದು ಹನಿ ಎಣ್ಣೆ ಬಿಟ್ಟು, ನಯಮಾಡುವ ಉಕ್ಕಿನ ಉಪಕರಣ ಬರ್ನಿಷರ್‌ನಿಂದ ಹತ್ತು ನಿಮಿಷ ಉಜ್ಜಿದರೆ ಹೋಗುತ್ತವೆ.

ಅಕ್ವಾಟಿಂಟಿಗೆ ಬರೋಣ. ರಾಳದ ನುಣ್ಣನೆ ಪುಡಿಯನ್ನು ಪ್ಲೇಟಿನ ಮೇಲೆ ಉದುರಿಸಿ, ಕೆಳಗಿನಿಂದ ಕಾಯಿಸಿದರೆ ಪ್ರತಿ ಕಣವೂ ಕರಗಿ ಅಲ್ಲಲ್ಲೇ ಅಂಟಿಕೊಳ್ಳುತ್ತದೆ. ಆಸಿಡ್ ಕಣಗಳ ನಡುವಿನ ಲೋಹವನ್ನು ಮಾತ್ರ ತಿನ್ನುತ್ತದೆ. ಕಣಗಳ ಅಡಿಯ ಲೋಹ ಪುಟ್ಟ ಪುಟ್ಟ ದಿಬ್ಬಗಳಾಗಿ ಉಳಿಯುತ್ತದೆ. ಶಾಯಿ ಹಚ್ಚಿ ಒರೆಸುವಾಗ ಬಟ್ಟೆ ಆ ದಿಬ್ಬಗಳ ನೆತ್ತಿಯ ಮೇಲೆ ಜಾರಿ ಹೋಗುತ್ತದೆ, ತಗ್ಗಿನ ಶಾಯಿ ಹಾಗೇ ಉಳಿಯುತ್ತದೆ. ತಗ್ಗು ಆಳವಾದಷ್ಟೂ ಕಪ್ಪು ಹೆಚ್ಚು. ಈ ಕೊನೆಯ ವಾಕ್ಯ ಒಂದು ಮಿತಿಯವರೆಗೆ ಮಾತ್ರ ನಿಜ. ಇಡೀ ಪ್ರಕರಣ ನಿಂತಿರುವುದು ಆ ಮಿತಿಯ ಮೇಲೆ.

ಏಳು ಛಾಯೆಗೆ ಆಕೆ ಬರೆದುಕೊಂಡಿದ್ದ ಒಟ್ಟು ಸಮಯಗಳು: ಪೂರ್ತಿ ಬಿಳಿಗೆ ಆಸಿಡ್ ಇಲ್ಲ; ನಂತರ 8 ಸೆಕೆಂಡ್, 15, 30, 1 ನಿಮಿಷ, 2 ನಿಮಿಷ, ನೀರಿಗೆ 4 ನಿಮಿಷ. ಆಸಿಡ್ ಹತ್ತು ಪಾಲು ನೀರಿಗೆ ಒಂದು ಪಾಲು ನೈಟ್ರಿಕ್. ಪಟ್ಟಿಯೇನೋ ಸರಿಯಾಗಿಯೇ ಇತ್ತು. ಆದರೆ ಅದನ್ನು ತಯಾರಿಸಿದ್ದು ಫೆಬ್ರವರಿಯ ಒಂದು ಬೆಳಿಗ್ಗೆ, ತೊಟ್ಟಿಯ ದ್ರಾವಣ 26 ಡಿಗ್ರಿ ಇದ್ದಾಗ. ಪ್ಲೇಟನ್ನು ತಿನ್ನಿಸಿದ್ದು ಏಪ್ರಿಲ್‌ನ ಮಧ್ಯಾಹ್ನ ಮೂರು ಗಂಟೆಗೆ. ಆಗ ಆಸಿಡ್ ಕೋಣೆಯ ತೊಟ್ಟಿ 36 ಡಿಗ್ರಿ ದಾಟಿತ್ತು. ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿ ಎಂಬುದು ಪಿಯುಸಿಯಲ್ಲೇ ಓದಿದ ಅಂದಾಜು ಲೆಕ್ಕ. ಅದರ ಮೇಲೆ, ಸತು ಕರಗುವಾಗ ತಾನೇ ಶಾಖ ಬಿಡುತ್ತದೆ. ಒಂದಾದ ಮೇಲೊಂದು ಪ್ಲೇಟು ಇಳಿಸಿದ ತೊಟ್ಟಿ ತಾನಾಗಿ ಬಿಸಿಯೇರುತ್ತದೆ. ಹಾಗಾಗಿ ಆಕೆಯ 4 ನಿಮಿಷ ಫೆಬ್ರವರಿಯ ಏಳೆಂಟು ನಿಮಿಷಕ್ಕೆ ಸಮ. ನೀರಿನ ಭಾಗಕ್ಕೆ ಸಿಗಬೇಕಾದ ಕಪ್ಪು ಪೂರ್ತಿ ಸಿಕ್ಕಾಗಿತ್ತು, ಅಂಚಿಗೆ ಬಂದು ನಿಂತಿತ್ತು ಎಂದರೂ ಸರಿ. ಅನೇಕ ವಿಭಾಗಗಳ ಆಸಿಡ್ ಕೋಣೆಯಲ್ಲಿ ಗಡಿಯಾರ ಇರುತ್ತದೆ, ಥರ್ಮಾಮೀಟರ್ ಇರುವುದಿಲ್ಲ. ಗಡಿಯಾರ ಅರ್ಧ ಮಾತ್ರ ಹೇಳುತ್ತದೆ.

ಮತ್ತೆ ಮೊದಲ ಪ್ರೂಫ್ ಯಾಕೆ ಬೂದಿಯಾಯಿತು?

ಕಪ್ಪು ಪ್ಲೇಟಿನಲ್ಲಿತ್ತು, ಕಾಗದಕ್ಕೆ ಬರಲಿಲ್ಲ. ಅದಕ್ಕೆ ಎರಡು ಕಾರಣ.

ಒಂದು, ಕಾಗದ ಒಣಗಿತ್ತು. 300 ಜಿಎಸ್ಎಂನ ಹತ್ತಿ ಕಾಗದವನ್ನು ಐದೇ ನಿಮಿಷ ನೆನೆಸಿ, ಬ್ಲಾಟಿಂಗ್ ಹಾಳೆಗಳ ನಡುವೆ ಇಟ್ಟು, ಶಾಯಿ ಒರೆಸಿ ಮುಗಿಯುವ ತನಕ ಅರ್ಧ ಗಂಟೆ ಫ್ಯಾನಿನ ಕೆಳಗೆ ಬಿಟ್ಟಿದ್ದಳು. ದಪ್ಪ ಕಾಗದ ಒಳಗಿನವರೆಗೂ ಮೆತ್ತಗಾದರೆ ಮಾತ್ರ ಪ್ರೆಸ್ಸಿನಡಿಯಲ್ಲಿ ಪ್ಲೇಟಿನ ತಗ್ಗುಗಳೊಳಗೆ ಇಳಿದು ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ಬಿರುಸು ಕಾಗದ ದಿಬ್ಬಗಳ ನೆತ್ತಿ ಮುಟ್ಟಿ ವಾಪಸಾಗುತ್ತದೆ.

ಎರಡು, ಶಾಯಿ. ಡಬ್ಬಿಯ ಎಚ್ಚಿಂಗ್ ಇಂಕು ಗಟ್ಟಿಯಾಗಿದೆಯೆಂದು ಯಾರೋ ಪೇಂಟಿಂಗ್ ವಿಭಾಗದ ಅಗಸೆ ಎಣ್ಣೆಯನ್ನು ಧಾರಾಳವಾಗಿ ಸುರಿದಿದ್ದರು. ಎಣ್ಣೆ ಹೆಚ್ಚಾದ ಶಾಯಿ ತಗ್ಗಿನಲ್ಲಿ ನಿಲ್ಲುವುದಿಲ್ಲ; ಮಲ್‌ಬಟ್ಟೆಯ ಮೊದಲ ಎರಡು ಸುತ್ತಿಗೇ ಕಿತ್ತುಕೊಂಡು ಬರುತ್ತದೆ. ಶಾಯಿ ಗಟ್ಟಿ ಎನಿಸಿದರೆ ಮೊದಲು ಪ್ಲೇಟನ್ನು ಕೈ ತಾಳುವಷ್ಟು ಬೆಚ್ಚಗೆ ಮಾಡಬೇಕು, ಎಣ್ಣೆಯ ಮಾತು ಆಮೇಲೆ. ಹಾಕಲೇಬೇಕಾದರೂ ಕುದಿಸಿ ಗಟ್ಟಿ ಮಾಡಿದ ಪ್ಲೇಟ್ ಆಯಿಲ್, ಅದೂ ಹನಿ ಲೆಕ್ಕದಲ್ಲಿ.

ಇವೆರಡನ್ನೂ ಪತ್ತೆ ಹಚ್ಚಲು ಹೊಸ ಉಪಕರಣವೇನೂ ಬೇಕಿರಲಿಲ್ಲ. ಎರಡನೇ ಪ್ರೂಫ್ ಕೂಡ ಕೆಟ್ಟು, ಆಕೆ ಟ್ರೇಸಿಂಗ್ ಹಿಡಿದು ಹೊಸ ಸತುವಿನ ಹಾಳೆ ಕೇಳಲು ಹೋದಾಗ ವಿಭಾಗದ ಹಳೆಯ ಅಟೆಂಡರ್ ಕೇಳಿದ ಪ್ರಶ್ನೆ ಇಷ್ಟೇ: “ಅಲ್ಲವ್ವಾ, ಮೊದಲ್ನೇ ಸಲ ಕಾಗದ ಎಬ್ಬಿಸಿದ ಮ್ಯಾಲೆ ಪ್ಲೇಟ್ ನೋಡಿದ್ಯೇನು?”

“ಇಲ್ಲಣ್ಣ. ಪ್ರಿಂಟ್ ನೋಡ್ಕೋತ ನಿಂತಿದ್ದೆ.”

ಎಲ್ಲರೂ ಹಾಗೆಯೇ ನಿಲ್ಲುತ್ತಾರೆ. ಕಾಗದ ಎತ್ತಿದ ಕ್ಷಣ ಕಣ್ಣು ಚಿತ್ರದ ಮೇಲೆ, ಪ್ಲೇಟು ಅನಾಥ. ಆದರೆ ಆ ಹೊತ್ತಿನಲ್ಲಿ ಹೆಚ್ಚು ಹೇಳುವುದು ಪ್ಲೇಟೇ. ಮುದ್ರಿಸಿದ ಬೆನ್ನಿಗೇ ತಗ್ಗುಗಳಲ್ಲಿ ಶಾಯಿ ಇನ್ನೂ ಕಪ್ಪಗೆ ಕೂತಿದ್ದರೆ ತಪ್ಪು ಕಾಗದದ್ದು ಅಥವಾ ಒತ್ತಡದ್ದು. ತಗ್ಗುಗಳು ಬರಿದಾಗಿ ಲೋಹ ಹೊಳೆಯುತ್ತಿದ್ದರೆ, ಶಾಯಿ ಒರೆಸುವಾಗಲೇ ಹೋಗಿದೆ ಅಥವಾ ತಗ್ಗೇ ಸಾಲದು. ಅವೆರಡರಲ್ಲಿ ಯಾವುದೆಂದು ತಿಳಿಯಲು ಅದೇ ಪ್ಲೇಟಿಗೆ ಬೇರೆ ಶಾಯಿ ಹಚ್ಚಿ, ಮೆಲ್ಲಗೆ ಒರೆಸಿ, ಚೆನ್ನಾಗಿ ನೆನೆದ ತುಂಡು ಕಾಗದದ ಮೇಲೆ ಇನ್ನೊಂದು ಪ್ರೂಫ್ ತೆಗೆದರೆ ಸಾಕು. ಮುಕ್ಕಾಲು ಗಂಟೆಯ ಕೆಲಸ. ಪ್ಲೇಟನ್ನು ಮತ್ತೆ ಆಸಿಡ್‌ಗೆ ಇಳಿಸುವುದು ಮಾತ್ರ ಹಿಂದೆಗೆಯಲಾಗದ ಕೆಲಸ. ಅದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಬೇಕು. ಆಕೆ ಮೊದಲಿಗೇ ಮಾಡಿದಳು.

ಮೊದಲ ಪ್ರೂಫ್ ಅನ್ನೇ 10 ಪಟ್ಟು ದೊಡ್ಡದು ಮಾಡುವ ಲೂಪ್‌ನಲ್ಲಿ ನೋಡಿದ್ದರೂ ಸುಳಿವು ಇತ್ತು. ನೀರಿನ ಭಾಗದ ತುಂಬ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು, ಉಪ್ಪು ಎರಚಿದಂತೆ. ಅದು ಒಣ ಕಾಗದದ ಗುರುತು. ಎಣ್ಣೆ ಶಾಯಿಯ ಗುರುತು ಬೇರೆ: ಮಂಕು ಬೂದು, ಅಂಚುಗಳಲ್ಲಿ ಜಿಡ್ಡಿನ ಹಳದಿ ಛಾಯೆ. ರಾಳವನ್ನು ಅತಿಯಾಗಿ ಕಾಯಿಸಿದ್ದರೆ ಕಣಗಳು ಒಂದಕ್ಕೊಂದು ಕೂಡಿ ಪೊರೆಯಾಗಿ, ಆಸಿಡ್ ಹೋಗದ ಬಿಳಿ ಮಚ್ಚೆಗಳು ಕಾಣುತ್ತವೆ. ಇದರಲ್ಲಿ ಆ ಮಚ್ಚೆಗಳಿರಲಿಲ್ಲ.

ಎರಡನೇ ಸಲ ಆಸಿಡ್‌ನಲ್ಲಿ ಆದದ್ದು

ಆಕೆ ಪ್ಲೇಟನ್ನು ಸೀಮೆಎಣ್ಣೆಯಿಂದ ಒರೆಸಿ, ಮೇಲೆ ಹೊಸದಾಗಿ ರಾಳ ಉದುರಿಸಿ, ಕಾಯಿಸಿ, ನೀರಿನ ಭಾಗ ಬಿಟ್ಟು ಉಳಿದದ್ದಕ್ಕೆಲ್ಲ ಆಸಿಡ್ ತಾಗದಂತೆ ಬಿಟುಮೆನ್ ಬಳಿದು, ಅದೇ ಬಿಸಿ ತೊಟ್ಟಿಯಲ್ಲಿ 8 ನಿಮಿಷ ಬಿಟ್ಟಳು. ಗುಳ್ಳೆ ಸರಿಸಲೆಂದು ಹಕ್ಕಿಯ ಗರಿಯನ್ನೂ ಆಡಿಸಿದಳು.

ಹೊಸ ರಾಳದ ಕಣಗಳು ಹಳೆಯ ದಿಬ್ಬಗಳ ನೆತ್ತಿ ಹುಡುಕಿಕೊಂಡು ಕೂರುವುದಿಲ್ಲ. ಕೆಲವು ನೆತ್ತಿಯ ಮೇಲೆ, ಕೆಲವು ತಗ್ಗಿನಲ್ಲಿ, ಹೇಗೆ ಬಿತ್ತೋ ಹಾಗೆ. ರಕ್ಷಣೆ ಸಿಗದ ದಿಬ್ಬಗಳನ್ನು ಆಸಿಡ್ ಮೇಲಿನಿಂದಲೇ ಸವೆಸಿತು. ನೈಟ್ರಿಕ್ ಕೆಳಕ್ಕೆ ತಿನ್ನುವ ಹಾಗೆಯೇ ಪಕ್ಕಕ್ಕೂ ತಿನ್ನುತ್ತದೆ. ಉಳಿದ ದಿಬ್ಬಗಳ ಬುಡ ಕೊರೆದು, ಕಣ ಕಳಚಿ, ದಿಬ್ಬವೂ ಕರಗಿತು. ಅರ್ಧ ಸಡಿಲಾಗಿದ್ದ ಕಣಗಳನ್ನು ಗರಿ ಉದುರಿಸಿತು. ರೇಖೆಗಳಿಗೆ ಗರಿ ಸರಿ, ಅಕ್ವಾಟಿಂಟಿಗೆ ಬೇಡ. ಟ್ರೇಯನ್ನು ಮೆಲ್ಲಗೆ ತೂಗಿದರೆ ಸಾಕು.

ಬದು ಒಡೆದ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ. ದಿಬ್ಬಗಳು ಹೋದ ಮೇಲೆ ಪ್ಲೇಟಿನ ಆ ಭಾಗ ಸುತ್ತಲಿನದಕ್ಕಿಂತ ತಗ್ಗಾದ ಒಂದು ಬಯಲಾಯಿತು. ಬಯಲಿನ ಮಧ್ಯದಿಂದ ಬಟ್ಟೆ ಶಾಯಿಯನ್ನು ಸಲೀಸಾಗಿ ಒರೆಸಿಕೊಂಡು ಹೋಯಿತು. ಬಟ್ಟೆ ಇಳಿಯದ ಅಂಚಿನ ಮೂಲೆಯಲ್ಲಿ ಮಾತ್ರ ಶಾಯಿ ಉಳಿಯಿತು. ಎರಡನೇ ಪ್ರೂಫ್‌ನ ಬೂದು ನೀರು, ಅದರ ಸುತ್ತಲಿನ ಕಾಡಿಗೆ ಗೆರೆ ಬಂದದ್ದು ಹೀಗೆ. ಇದಕ್ಕೆ ಓಪನ್ ಬೈಟ್ ಎನ್ನುತ್ತಾರೆ. ಬೇಕೆಂದೇ ಮಾಡುವ ಕಲಾವಿದರೂ ಇದ್ದಾರೆ, ಆಗ ಅದು ತಪ್ಪಲ್ಲ.

ಇದೇ ಪ್ಲೇಟನ್ನು ನೈಟ್ರಿಕ್ ಬದಲು ಮೈಲುತುತ್ತ ಮತ್ತು ಉಪ್ಪಿನ ದ್ರಾವಣದಲ್ಲಿ ತಿನ್ನಿಸಿದ್ದರೆ ನಷ್ಟ ಕಡಿಮೆಯಾಗುತ್ತಿತ್ತು. ಅಡಿಕೆ ತೋಟಕ್ಕೆ ಬೋರ್ಡೋ ಹೊಡೆಯುವವರಿಗೆ ಗೊತ್ತಿರುವ ಅದೇ ಮೈಲುತುತ್ತ. ಲೀಟರ್ ನೀರಿಗೆ 50ರಿಂದ 75 ಗ್ರಾಂ, ಅಷ್ಟೇ ತೂಕದ ಅಡುಗೆ ಉಪ್ಪು. ಇದರಲ್ಲಿ ಓಪನ್ ಬೈಟ್ ಆದ ಬಯಲೂ ತರಿತರಿಯಾಗಿ ಒಂದಿಷ್ಟು ಶಾಯಿ ಹಿಡಿಯುತ್ತದೆ, ನೈಟ್ರಿಕ್‌ನ ಕಂದು ಹೊಗೆಯ ಕಾಟವೂ ಇಲ್ಲ. ತಾಮ್ರದ ಕೆಸರು ಪ್ಲೇಟಿನ ಮೇಲೆ ಕೂರುತ್ತದೆ, ಅದನ್ನು ಆಗಾಗ ಮೆತ್ತನೆ ಕುಂಚದಿಂದ ಸರಿಸಬೇಕು. ಸತು ಬಳಸುವ ಕಾಲೇಜುಗಳು ಇನ್ನೂ ನೈಟ್ರಿಕ್‌ಗೇ ಜೋತು ಬಿದ್ದಿರುವುದಕ್ಕೆ ಅಭ್ಯಾಸ ಬಿಟ್ಟು ಬೇರೆ ಕಾರಣ ಕಾಣುವುದಿಲ್ಲ.

ದುರಸ್ತಿ

ಆರು ದಿನ ಉಳಿದಿತ್ತು. ಹೊಸ ಪ್ಲೇಟಿನಲ್ಲಿ ರೇಖೆಯಿಂದ ಶುರು ಮಾಡಿದರೆ ಎಡಿಷನ್ ಮುಗಿಯುವುದಿಲ್ಲ. ಮೆಟ್ಟಿಲುಗಳ ಆರು ಛಾಯೆಗಳೂ ಹಾಳಾಗಿರಲಿಲ್ಲ, ಅವು ಬಿಟುಮೆನ್ ಅಡಿಯಲ್ಲಿ ಕ್ಷೇಮವಾಗಿದ್ದವು. ಬಯಲಾದ ಭಾಗಕ್ಕೆ ಹೊಸ ಅಕ್ವಾಟಿಂಟ್ ಹಾಕುವುದು ಸಾಧ್ಯ. ಅದು ಈಗ ಹೊಸ ಲೋಹದ ಹಾಗೆಯೇ.

ಮೊದಲ ದಿನ ಪೂರ್ತಿ ಅಂಚಿನ ಗೆರೆಗೆ ಹೋಯಿತು. ತಗ್ಗಿನ ಸುತ್ತಲ ಗೋಡೆ ನೆಟ್ಟಗಿದ್ದರೆ ಎಷ್ಟು ಒಳ್ಳೆಯ ಕಪ್ಪು ಬಂದರೂ ಗೆರೆ ಎದ್ದು ಕಾಣುತ್ತದೆ. ಮೂರು ಅಲಗಿನ ಸ್ಕ್ರೇಪರ್‌ನಿಂದ ಗೋಡೆಯನ್ನು ಹೆರೆದು ಇಳಿಜಾರು ಮಾಡಿ, ಎಣ್ಣೆ ಹನಿಸಿ ಬರ್ನಿಷರ್‌ನಿಂದ ನಯಗೊಳಿಸಬೇಕು. ಸ್ಕ್ರೇಪರನ್ನು ಮಲಗಿಸಿ ಹಿಡಿಯಬೇಕು. ನಿಲ್ಲಿಸಿ ಹಿಡಿದರೆ ಅಲಗು ನಡುಗಿ ಸಾಲು ಸಾಲು ಗೀರು ಬೀಳುತ್ತದೆ, ಅವು ಎಲ್ಲವೂ ಮುದ್ರಣದಲ್ಲಿ ಕಾಣುತ್ತವೆ.

ಆಮೇಲೆ ಶುಚಿ. ಸೀಮೆಎಣ್ಣೆ, ಟರ್ಪೆಂಟೈನ್, ಕೊನೆಗೆ ಸ್ಪಿರಿಟ್. ಬಿಟುಮೆನ್ ಮೊದಲೆರಡಕ್ಕೆ ಹೋಗುತ್ತದೆ, ಉಳಿದ ರಾಳ ಸ್ಪಿರಿಟ್‌ಗೆ ಕರಗುತ್ತದೆ. ತಗ್ಗುಗಳಿಗೆ ಹಳೆಯ ಟೂತ್‌ಬ್ರಷ್. ನಂತರ ಚಾಕ್ ಪುಡಿಗೆ ನೀರು ಮತ್ತು ಕೆಲವು ಹನಿ ಅಮೋನಿಯಾ ಕಲಸಿ ಉಜ್ಜಿ ತೊಳೆಯುವುದು. ಪ್ಲೇಟನ್ನು ನಲ್ಲಿಯಡಿ ಓರೆಯಾಗಿ ಹಿಡಿದಾಗ ನೀರು ಒಂದೇ ಪದರವಾಗಿ ಹರಡಬೇಕು. ಕೆಸುವಿನೆಲೆಯ ಮೇಲಿನ ಹಾಗೆ ಹನಿಗಟ್ಟಿದರೆ ಜಿಡ್ಡು ಉಳಿದಿದೆ ಎಂದರ್ಥ, ಮತ್ತೆ ಚಾಕ್.

ರಾಳದ ಪುಡಿಯನ್ನು ಎರಡು ಪದರ ಮಲ್‌ಬಟ್ಟೆಯ ಗಂಟಿನಲ್ಲಿ ಕಟ್ಟಿ, ಪ್ಲೇಟಿನಿಂದ 30 ಸೆಂ.ಮೀ. ಎತ್ತರದಲ್ಲಿ ಬೆರಳಿನಿಂದ ತಟ್ಟುತ್ತ ಉದುರಿಸಿದರು. ಲೋಹದ ಅರ್ಧದಷ್ಟು ಮುಚ್ಚಿದರೆ ಸರಿ. ಕಣ ಕಡಿಮೆಯಾದರೆ ದಿಬ್ಬಗಳು ವಿರಳವಾಗಿ ಮತ್ತೆ ಬಯಲಾಗುವ ಭಯ, ಹೆಚ್ಚಾದರೆ ಆಸಿಡ್‌ಗೆ ದಾರಿಯಿಲ್ಲ. ಕಡುಗಪ್ಪಿಗೆ ಕಣ ತುಸು ದಪ್ಪ ಇರಲಿ, ಏಕೆಂದರೆ ಸಣ್ಣ ಕಣ ಆಸಿಡ್‌ನಲ್ಲಿ ದೀರ್ಘ ಕಾಲ ತಾಳುವುದಿಲ್ಲ. ಮೂಗಿಗೆ ಮಾಸ್ಕ್ ಬೇಕೇ ಬೇಕು. ರಾಳದ ದೂಳು ಉಬ್ಬಸ ತರಿಸುತ್ತದೆ. ಗಾಳಿಯಲ್ಲಿ ದೂಳು ತೇಲುತ್ತಿರುವಾಗ ಹತ್ತಿರ ಬೆಂಕಿ ಇರಕೂಡದು, ಭಗ್ಗೆಂದು ಹೊತ್ತಿಕೊಳ್ಳಬಲ್ಲದು. ದೂಳು ಕೂತ ಮೇಲೆ ಜಾಲರಿಯ ಸ್ಟ್ಯಾಂಡಿನ ಮೇಲಿಟ್ಟು, ಅಡಿಯಿಂದ ಬರ್ನರ್ ಆಡಿಸುತ್ತ ಕಾಯಿಸುವುದು. ಹಾಲಿನ ಬಣ್ಣದ ಪುಡಿ ಒಂದು ಕಡೆಯಿಂದ ಪಾರದರ್ಶಕವಾಗುತ್ತ ಬರುತ್ತದೆ. ಆ ಗೆರೆ ದಾಟಿದ ಕೂಡಲೇ ಬೆಂಕಿ ಮುಂದಕ್ಕೆ ಸರಿಯಬೇಕು. ಹೊಗೆ ಎದ್ದರೆ ತಡವಾಯಿತು. ಪ್ಲೇಟು ತಣಿದ ಮೇಲೆ ನೀರಿನ ಭಾಗ ಬಿಟ್ಟು ಉಳಿದದ್ದಕ್ಕೆ, ಹಿಂಬದಿಗೂ, ಬಿಟುಮೆನ್ ಎರಡು ಕೋಟು.

ಈ ಸಲ ಆಸಿಡ್ ಹೊಸದು: 2 ಲೀಟರ್ ನೀರಿಗೆ ಸುಮಾರು 170 ಮಿ.ಲೀ. ನೈಟ್ರಿಕ್, ಅಂದರೆ 12ಕ್ಕೆ 1. ನೀರಿಗೆ ಆಸಿಡ್, ಆಸಿಡ್‌ಗೆ ನೀರು ಎಂದೂ ಇಲ್ಲ. ಚೆಲ್ಲಿದರೆ ಮರದ ಹೊಟ್ಟಿನಿಂದಲೋ ಚಿಂದಿಯಿಂದಲೋ ಒರೆಸಕೂಡದು, ನೈಟ್ರಿಕ್‌ಗೆ ಅವು ಹೊತ್ತಿಕೊಳ್ಳಬಹುದು. ಅಡುಗೆ ಸೋಡಾ ಸುರಿದು ನೊರೆ ನಿಂತ ಮೇಲೆ ತೊಳೆಯಬೇಕು. ಕೆಲಸದ ಹೊತ್ತು ಬೆಳಿಗ್ಗೆ ಏಳು. ಆಸಿಡ್ ಟ್ರೇಯನ್ನು ತಣ್ಣೀರಿನ ದೊಡ್ಡ ಟಬ್ಬಿನಲ್ಲಿ ಕೂರಿಸಿ 27 ಡಿಗ್ರಿಗೆ ತಂದರು. ಹೊಸ ಆಸಿಡ್ ಮೊದಮೊದಲು ಏರುಪೇರಾಗಿ ತಿನ್ನುತ್ತದೆ, ಅದಕ್ಕೆ ಒಂದು ಚೂರು ಸತುವನ್ನು ಕರಗಿಸಿ ಪಳಗಿಸಿದರು.

ಪ್ಲೇಟಿಗಿಂತ ಮೊದಲು ಪರೀಕ್ಷೆಯ ಪಟ್ಟಿ. ಅದೇ ಸತುವಿನ ತುಂಡಿಗೆ ಅದೇ ರಾಳ ಹಾಕಿ, ಅದೇ ತೊಟ್ಟಿಯಲ್ಲಿ 1, 2, 3, 4, 5 ನಿಮಿಷದ ಐದು ಅಡ್ಡಪಟ್ಟಿ ತಿನ್ನಿಸಿ ಮುದ್ರಿಸಿ ನೋಡಿದರು. ಮೂರನೆಯದು ಕಡುಗಪ್ಪು, ನಾಲ್ಕನೆಯದು ಹೆಚ್ಚುಕಡಿಮೆ ಅಷ್ಟೇ, ಐದನೆಯದು ಇಳಿದು ಬೂದು. ಐದು ಬೆರಳಗಲದ ಆ ಕಾಗದದ ತುಂಡಿನಲ್ಲಿ ಇಡೀ ಪ್ರಕರಣ ಕಣ್ಣಿಗೆ ಬೀಳುತ್ತಿತ್ತು. ಪ್ಲೇಟಿಗೆ ಒಂದೂವರೆ ನಿಮಿಷ ಕೊಟ್ಟು, ತೊಳೆದು, ದಿಬ್ಬಗಳು ಇವೆಯೇ ಎಂದು ಲೂಪ್‌ನಲ್ಲಿ ನೋಡಿ, ಮತ್ತೆ ಒಂದೂವರೆ ನಿಮಿಷ. ಅಷ್ಟಕ್ಕೇ ನಿಲ್ಲಿಸಿದರು.

ಮುದ್ರಣ

ಕಾಗದವನ್ನು ಹಿಂದಿನ ಸಂಜೆಯೇ 30 ನಿಮಿಷ ನೆನೆಸಿ, ಬ್ಲಾಟಿಂಗ್ ಹಾಳೆಗಳ ನಡುವೆ ಒಟ್ಟಿ, ಪ್ಲಾಸ್ಟಿಕ್ ಸುತ್ತಿ, ಮೇಲೆ ಹಲಗೆ ಹೇರಿ ಇಟ್ಟರು. ಬೆಳಿಗ್ಗೆಯ ಹೊತ್ತಿಗೆ ತೇವ ಎಲ್ಲ ಕಡೆ ಸಮನಾಗಿರುತ್ತದೆ. ಹದವಾದ ಕಾಗದ ಕೆನ್ನೆಗೆ ತಾಗಿಸಿದರೆ ತಣ್ಣಗಿರುತ್ತದೆ, ಬೆಳಕಿಗೆ ಓರೆ ಹಿಡಿದರೆ ಮೇಲೆ ನೀರಿನ ಹೊಳಪು ಇರುವುದಿಲ್ಲ. ಫ್ಯಾನ್ ಬಂದ್. ಫೆಲ್ಟ್‌ಗಳನ್ನು ಹಿಂದಿನ ದಿನ ತೊಳೆದು ಒಣಗಿಸಿದ್ದರು. ಕಾಗದದ ಸರೇಸು ಹೀರಿ ಬಿರುಸಾದ ಫೆಲ್ಟ್ ಕಾಗದವನ್ನು ತಗ್ಗಿಗೆ ತಳ್ಳುವುದಿಲ್ಲ.

ಹೊಸ ಡಬ್ಬಿಯ ಶಾಯಿ, ಎಣ್ಣೆ ಸೇರಿಸದೆ, ಬೆಚ್ಚಗಿನ ಪ್ಲೇಟಿನ ಮೇಲೆ. ಮಲ್‌ಬಟ್ಟೆಯನ್ನು ಉಂಡೆ ಮಾಡಿ ದುಂಡಗೆ ಒರೆಸುವುದು. ಬಿಸಿಲು ಬಿದ್ದ ಮೇಲಿನ ಮೆಟ್ಟಿಲುಗಳಿಗೆ ಮಾತ್ರ ಕೊನೆಯಲ್ಲಿ ಚಾಕ್ ಸವರಿದ ಅಂಗೈ. ನೀರಿನ ಮೇಲೆ ಅಂಗೈ ಆಡಿಸಲಿಲ್ಲ. ಒಂದು ಪ್ರತಿಗೆ ಸುಮಾರು 45 ನಿಮಿಷ. ಎಡಿಷನ್ ಎಂದರೆ ಒಂದು ಒಳ್ಳೆಯ ಪ್ರಿಂಟ್ ಅಲ್ಲ, ಒಂದರಂತೆ ಇನ್ನೊಂದು ಇರುವ ಐದು. ಅದಕ್ಕಾಗಿ ಒಪ್ಪಿಗೆಯಾದ ಮೊದಲ ಪ್ರತಿಯನ್ನು ಎದುರಿನ ಗೋಡೆಗೆ ಸಿಕ್ಕಿಸಿ, ಪ್ರತಿ ಸಲವೂ ನೀರು, ನಡುವಿನ ಮೆಟ್ಟಿಲು, ಬಿಳಿ ಕಲ್ಲು ಈ ಮೂರು ಜಾಗಗಳನ್ನು ಹೋಲಿಸಿ ನೋಡಿದರು. ಸತುವಿನ ಮೆತ್ತನೆ ಛಾಯೆಗಳು ಹತ್ತಿಪ್ಪತ್ತು ಪ್ರತಿಗಳಲ್ಲೇ ಸವೆಯತೊಡಗುತ್ತವೆ, ಹಾಗಾಗಿ ಟ್ರಯಲ್ ಪ್ರೂಫ್‌ಗಳಲ್ಲಿ ಪ್ಲೇಟನ್ನು ದಣಿಸುವಂತಿಲ್ಲ. 1799ರಲ್ಲಿ ಪ್ರಕಟವಾದ ಗೋಯಾನ ಅಕ್ವಾಟಿಂಟ್‌ಗಳನ್ನು ತೋರಿಸಿ ‘ಇಂಥ ಕಪ್ಪು ಬೇಕು’ ಎನ್ನುವ ವಿದ್ಯಾರ್ಥಿಗಳಿಗೆ ಅವು ತಾಮ್ರದ ಪ್ಲೇಟುಗಳು ಎಂಬುದನ್ನೂ ಹೇಳಬೇಕಾಗುತ್ತದೆ. ತಾಮ್ರ ಗಟ್ಟಿ, ಆಸಿಡ್ ಅದನ್ನು ನಿಧಾನಕ್ಕೆ ತಿನ್ನುತ್ತದೆ, ಬೆಲೆಯೂ ಹೆಚ್ಚು.

ನೆನೆಸಿದ್ದು ಏಳು ಹಾಳೆ. ಮೊದಲನೆಯದು ಗೋಡೆಗೆ ಹೋದದ್ದು, ಅದಕ್ಕೆ ಎ/ಪಿ (ಆರ್ಟಿಸ್ಟ್ಸ್ ಪ್ರೂಫ್, ಕಲಾವಿದರ ಪ್ರತಿ) ಎಂದು ಬರೆದರು. ನಾಲ್ಕನೆಯ ಹಾಳೆ ಪ್ರೆಸ್ಸಿಗೆ ಹೋಗುವಾಗ ಮೂಲೆ ಮಡಿಚಿಕೊಂಡು ಹಾಳಾಯಿತು. ಉಳಿದ ಐದಕ್ಕೆ ಒಣಗಿದ ಮೇಲೆ ಪೆನ್ಸಿಲ್‌ನಲ್ಲಿ, ಎಡಕ್ಕೆ 1/5ರಿಂದ 5/5ರ ತನಕ ಸಂಖ್ಯೆ, ನಡುವೆ ಶೀರ್ಷಿಕೆ, ಬಲಕ್ಕೆ ಸಹಿ. ನೀರು ಈಗ ಮಖಮಲ್ಲಿನ ಕಪ್ಪು. ಹೊಸ ಕಣ ದಪ್ಪವಾದ್ದರಿಂದ ಮೆಟ್ಟಿಲುಗಳ ನುಣುಪಿನ ಪಕ್ಕ ತುಸು ಒರಟು, ಚಿತ್ರಕ್ಕೆ ಅದು ಒದಗಿಯೇ ಬಂದಿದೆ. ಕೆಳಗಿನ ಎಡಮೂಲೆಯಲ್ಲಿ ಎರಡು ಸೆಂ.ಮೀ. ಉದ್ದಕ್ಕೆ ಆ ಕಾಡಿಗೆ ಗೆರೆ ಪೂರ್ತಿ ಹೋಗಿಲ್ಲ. ಕೊನೆಯ ಪಾವಟಿಗೆಯ ನೆರಳೆಂದೇ ನೋಡಿದವರು ತಿಳಿಯುತ್ತಾರೆ. ಫೈಲಿನಲ್ಲಿ ಎರಡು ಕೆಟ್ಟ ಪ್ರೂಫ್‌ಗಳೂ, ಐದು ನಿಮಿಷದ ಪರೀಕ್ಷೆಯ ಪಟ್ಟಿಯೂ ತಾರೀಖು, ಹೊತ್ತು, ತೊಟ್ಟಿಯ ಡಿಗ್ರಿ ಸಮೇತ ಇವೆ.